ಬೆಂಕಿಪೊಟ್ಟಣ ಮಾವನನ್ನು ಸಾಗಹಾಕಿದ ಬಗೆ

ಕಲ್ಲಿದ್ದಲಿಗೆ ನಿಯತ್ತಿಲ್ಲ. ಇದು ನಾನು ಪ್ರಯೋಗಾಲಯದಲ್ಲಿ ದಿನವೂ ಕಣ್ಣಾರೆ ಕಾಣುವ ಸತ್ಯ. ಯುಗಯುಗಗಳಿಂದ ಮೀಥೇನ್ ಎಂಬ ಗಾಳಿಯನ್ನು ಎದೆಗವಚಿಕೊಂಡಿರುತ್ತದೆ. ಅದನ್ನು ತುಂಬಿಟ್ಟ ಉಕ್ಕಿನ ಕೊಳವೆಯೊಳಗೆ ಒಂದಿಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟೆವೋ, ಅದನ್ನು ತಬ್ಬಿಕೊಂಡು ಹಳೆಯದಕ್ಕೆ ಬಾಗಿಲು ತೋರಿಸುತ್ತದೆ. ಹೊರಬಿದ್ದ ಮೀಥೇನು ಬರ್ನರಿನಲ್ಲಿ ಭಗ್ಗೆಂದು ಉರಿಯುತ್ತದೆ.

ಹೀಗೆ ಉರಿಯುವವರೊಬ್ಬರು ನಮ್ಮ ಮನೆಯಲ್ಲೂ ಠಿಕಾಣಿ ಹೂಡಿದ್ದರು. ಅತ್ತೆಯ ಅಣ್ಣ, ಬೆಂಕಿಪೊಟ್ಟಣ ಮಾವ. ಹಲ್ಲು ಕಟ್ಟಿಸಿಕೊಳ್ಳಲು ಬಂದವರು, ಹಲ್ಲು ಕೂತರೂ ಏಳಲಿಲ್ಲ. ಮದುವೆಯಾದ ಹೊಸತರಲ್ಲಿ ನಮಗಿದ್ದ ಒಂದೇ ಒಂದು ಕೋಣೆ ಅವರ ಪಾಲಾಯಿತು. ನಾನೂ ನಮ್ಮವರೂ ನಡುಮನೆಯಲ್ಲಿ ಊಟದ ಮೇಜಿನ ಪಕ್ಕ ಹಾಸಿಗೆ ಹಾಸಿದೆವು. ಪಿಸುಗುಟ್ಟಿದರೂ ಒಳಗಿನಿಂದ ಗದರಿಕೆ: "ಅದೇನ್ರೋ ಗುಸುಗುಸು? ಮನುಷ್ಯರು ನಿದ್ದೆ ಮಾಡ್ಬೇಕೋ ಬೇಡ್ವೋ?"

ನನಗೆ ನನ್ನ ಕೋಣೆ ಬೇಕಿತ್ತು, ಅಷ್ಟೇ. ಗಂಡನ ಜೊತೆ ಗಟ್ಟಿಯಾಗಿ ನಗಬೇಕಿತ್ತು.

ಅತ್ತೆಗೆ ಅಣ್ಣನೆಂದರೆ ಪ್ರಾಣ. ಹೋಗಿ ಎನ್ನುವ ಹಾಗಿಲ್ಲ. ಒಂದು ದಿನ ಬರ್ನರಿನ ಉರಿ ನೋಡುತ್ತಿದ್ದಾಗ ಹೊಳೆಯಿತು. ಹಳಬರನ್ನು ನೂಕಬಾರದು, ಅವರಿಗಿಂತ ಬೇಕಾದವರನ್ನು ಒಳಗೆ ಬಿಡಬೇಕು! ಅಲ್ಲಿಂದಲೇ ಅತ್ತೆಯ ತಂಗಿಗೆ ಫೋನು ಮಾಡಿದೆ.

"ಚಿಕ್ಕತ್ತೆ, ಅತ್ತೆ ನಿಮ್ಮನ್ನೇ ನೆನೀತಿರ್ತಾರೆ. ಬಂದು ನಾಲ್ಕು ದಿನ ಇದ್ದು ಹೋಗಿ."

ಚಿಕ್ಕತ್ತೆ ಬಂದರು. ಬೈದರೂ ನಗುವ ಜೀವ. ಅಕ್ಕತಂಗಿಯರು ಮಾತಿಗೆ ಕೂತರೆ ಊರೇ ಹೊತ್ತಿ ಉರಿದರೂ ಏಳರು. ಮಾವನ ಚಹಾ ಮೊದಲು ತಡವಾಯಿತು, ಆಮೇಲೆ ಆರಿತು, ಕೊನೆಗೆ ಬರಲೇ ಇಲ್ಲ.

"ಈ ಮನೇಲಿ ನನಗೆ ಮೂರು ಕಾಸಿನ ಬೆಲೆ ಇಲ್ಲ!" ಎಂದು ಮಾವ ಪೆಟ್ಟಿಗೆ ಎತ್ತಿಕೊಂಡು ಹೊರಟರು. ಗೇಟಿನವರೆಗೆ ಹೋಗಿ, ಲೋಟದಲ್ಲಿ ಮರೆತ ಹಲ್ಲಿಗಾಗಿ ವಾಪಸು ಬಂದು, ಅದನ್ನು ಹಾಕಿಕೊಂಡು, ಇನ್ನೊಮ್ಮೆ ಸ್ಪಷ್ಟವಾಗಿ ಬೈದು ಹೋದರು.

ನನಗೆ ಹಾಲು ಕುಡಿದಷ್ಟು ಸಂತೋಷ. ಹಾಸಿಗೆ ಸುತ್ತಿಕೊಂಡು ಕೋಣೆಗೆ ಓಡಿದರೆ, ಚಿಕ್ಕತ್ತೆ ಮಂಚದ ಮೇಲೆ ಬಟ್ಟೆ ಹರಡಿಕೊಂಡು ಕೂತಿದ್ದಾರೆ!

"ಬಾಮ್ಮ, ನಿನ್ನ ಬೀರು ಸ್ವಲ್ಪ ಖಾಲಿ ಮಾಡ್ಕೊಡ್ತೀಯಾ? ಅಕ್ಕ ಇಲ್ಲೇ ಇದ್ದುಬಿಡು ಅಂದ್ಳು. ನನ್ನ ಮನೆ ಬಾಡಿಗೆಗೆ ಕೊಟ್ಟೇಬಿಟ್ಟೆ. ಕರೆದ ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು."

ಹಾಸಿಗೆ ಹೊತ್ತು ಮತ್ತೆ ಮೇಜಿನ ಪಕ್ಕಕ್ಕೆ ಬಂದೆ. ನಮ್ಮವರು ಮೆಲ್ಲನೆ ಕೇಳಿದರು: "ಅಲ್ವೇ, ನೀನು ಹೇಳ್ತಿದ್ದೆಯಲ್ಲ, ಕಲ್ಲಿದ್ದಲೊಳಗೆ ಹೋದ ಆ ಹೊಸ ಗಾಳಿ ಆಮೇಲೆ ಏನಾಗುತ್ತೆ?"

"ಅಲ್ಲೇ ಇರುತ್ತೆ, ಹೊರಗೆ ಬರಲ್ಲ," ಎಂದೆ. "ಅದೇ ಅದರ ದೊಡ್ಡ ಲಾಭ ಅಂತ ಪ್ರಯೋಗಾಲಯಕ್ಕೆ ಬಂದೋರಿಗೆಲ್ಲ ಹೇಳ್ತೀನಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಳಾಗಿ ಹೋಗಲಿ ಎಂದು ನಾನೂ ನಕ್ಕೆ, ಬಾಯ್ತುಂಬ, ಗಟ್ಟಿಯಾಗಿ. ಒಳಗಿನಿಂದ ಯಾರೂ ಗದರಲಿಲ್ಲ.

"ಏನ್ರೋ ಅಷ್ಟು ತಮಾಷೆ? ಇರಿ, ನಾನೂ ಬರ್ತೀನಿ," ಎನ್ನುತ್ತಾ ಚಿಕ್ಕತ್ತೆ ದಿಂಬು ಹಿಡಿದುಕೊಂಡು ಬಂದೇಬಿಟ್ಟರು.