ಎಲ್ಲರಿಗೂ ಕೇಳಿಸುವ ಶಿಳ್ಳೆ

ನಮ್ಮ ಭಾವನಿಗೆ ಒಂದು ಮಾತು ಹೇಳಬೇಕಾದರೆ ಮೂರು ಸಲ ಹೇಳಬೇಕು. ಮೊದಲ ಸಲ ಅವರಿಗೆ ಕೇಳಿಸುವುದೇ ಇಲ್ಲ. ಎರಡನೇ ಸಲ "ಆಂ?" ಅನ್ನುತ್ತಾರೆ. ಮೂರನೇ ಸಲ "ಯಾಕೆ ಹಾಗೆ ಕಿರುಚ್ತೀಯ, ನಾನೇನು ಕಿವುಡನಾ?" ಎಂದು ನಮ್ಮ ಮೇಲೆಯೇ ಎಗರುತ್ತಾರೆ. ಇಂಥ ಗಂಡಸು ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಇದ್ದರೆ ಕೈಯಲ್ಲಿರುವ ಕೆಲಸ ಸ್ವಲ್ಪ ಬದಿಗಿಟ್ಟು ಈ ಕಥೆ ಕೇಳಿ.

ಭಾವ ಸೈನ್ಯದಲ್ಲಿ ಫಿರಂಗಿ ದಳದಲ್ಲಿದ್ದವರು. ದೊಡ್ಡ ಗನ್ನಿಗೆ ಗುಂಡು ತುಂಬುವ ಕೆಲಸ. ಸೈನ್ಯ ಬಿಟ್ಟು ಬಂದ ಮೇಲೆ ಟೈರ್ ಅಂಗಡಿ ಹಾಕಿದರು. ಅದರ ಪಕ್ಕದಲ್ಲೇ, ಗೋಡೆಗೆ ಗೋಡೆ ಅಂಟಿಕೊಂಡು, ನನ್ನ ಹೊಲಿಗೆ ಅಂಗಡಿ. ನನ್ನ ಅಕ್ಕ ಭಾವನ ಜೊತೆ ನಿಂತು ಗಿರಾಕಿಗಳನ್ನು ನೋಡಿಕೊಳ್ಳುತ್ತಾಳೆ. ಅವಳು ಕೂಗಿದರೆ ಗೋಡೆಯಾಚೆಗಿರುವ ನನಗೆ ಕೇಳಿಸುತ್ತದೆ, ಮಗ್ಗುಲಲ್ಲೇ ಇರುವ ಭಾವನಿಗೆ ಕೇಳಿಸುವುದಿಲ್ಲ. "ಹೆಂಡ್ತಿ ಮಾತು ಮಾತ್ರ ಸೋಸಿ ಬಿಸಾಕ್ತೀರಲ್ಲ ಭಾವ, ಆ ಜರಡಿ ಎಲ್ಲಿ ಸಿಗುತ್ತೆ?" ಎಂದು ನಾನು ಕಾಲೆಳೆಯುತ್ತಿದ್ದೆ. ಅವರೂ ನಗುತ್ತಿದ್ದರು.

ಆದರೆ ಕೆಲಸದಲ್ಲಿ ಅವರು ಬಲು ಚೊಕ್ಕ. ಪಂಕ್ಚರ್ ಹುಡುಕುವಾಗ ಬೇರೆಯವರು ಟ್ಯೂಬಿಗೆ ಕಿವಿ ಹಚ್ಚಿ, ಗಾಳಿ ಸುಯ್ಯೆನ್ನುವುದು ಎಲ್ಲಿ ಎಂದು ಕೇಳುತ್ತಾರೆ. ಭಾವ ಮಾತ್ರ ಪ್ರತಿ ಸಲವೂ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡಿಯೇ ಗುರುತು ಹಾಕುತ್ತಾರೆ. ಎಷ್ಟು ನಿಗಾ ಇಟ್ಟು ಮಾಡುತ್ತಾರಪ್ಪ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದೆವು.

ಒಂದು ದಿನ ಬೆಳಿಗ್ಗೆ ಲಾರಿಯ ಟೈರೊಂದು ಬಂದಿತ್ತು. ಭಾವ ಅದಕ್ಕೆ ಗಾಳಿ ಹಾಕುತ್ತ, ಮುಖ ಹತ್ತಿರ ತಂದು ಮೀಟರ್ ನೋಡುತ್ತಿದ್ದರು. ನಾನು ನನ್ನ ಅಂಗಡಿಯ ಬಾಗಿಲಲ್ಲಿ ಕತ್ತರಿ ಹಿಡಿದು ಕೂತಿದ್ದೆ, ಅಲ್ಲಿಂದ ಅವರಿಬ್ಬರೂ ಕಾಣುತ್ತಿದ್ದರು. ಟೈರಿನ ಪಕ್ಕೆಯಿಂದ ಪಟ್, ಪಟ್, ಪಟ್ ಎಂದು ಸದ್ದು ಬಂತು. ಒಳಗಿನ ತಂತಿಗಳು ಒಂದೊಂದೇ ಕಿತ್ತುಬರುವ ಸದ್ದದು. ಆ ಬೀದಿಯಲ್ಲಿ ಎಲ್ಲರಿಗೂ ಅದು ಗೊತ್ತು, ಕೇಳಿದ ಕೂಡಲೇ ಎದ್ದು ಓಡಬೇಕು. "ರೀ! ಬಿಡ್ರೀ! ಬನ್ನಿ ಈ ಕಡೆ!" ಎಂದು ಅಕ್ಕ ಗಂಟಲು ಹರಿಯುವ ಹಾಗೆ ಕೂಗಿದಳು. ಭಾವ ತಿರುಗಿ ಕೂಡ ನೋಡಲಿಲ್ಲ. ಇನ್ನೂ ಸ್ವಲ್ಪ ಬಗ್ಗಿದರು!

ಅಕ್ಕ ಓಡಿಹೋಗಿ ಅವರ ಕಾಲರ್ ಹಿಡಿದು ಹಿಂದಕ್ಕೆ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು. ಅಷ್ಟರಲ್ಲಿ ಟೈರು ಒಡೆಯಿತು. ನನ್ನ ಗೋಡೆಯ ಗಾರೆ ಉದುರಿತು. ನಾನು ಓಡಿ ಬಂದು ನೋಡಿದರೆ, ಭಾವನ ಮುಖ ಇದ್ದ ಜಾಗದ ಹಿಂದಿನ ತಗಡು ಹರಿದು ನೇತಾಡುತ್ತಿದೆ.  ಅಕ್ಕ ಅವರ ಮುಖ ಮುಟ್ಟಿ ಮುಟ್ಟಿ ನೋಡುತ್ತ, "ಕೂಗಿದ್ನಲ್ರೀ, ಅಷ್ಟು ಕೂಗಿದ್ನಲ್ರೀ" ಎಂದು ಅದೊಂದನ್ನೇ ಹೇಳುತ್ತಿದ್ದಳು.

ನಾನು ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ಕುಸಿದೆ. "ಅಯ್ಯೋ ಭಾವ, ಕಿವೀಲಿ ಕುಯ್ಯ್ ಅಂತಿದೆ. ಶಿಳ್ಳೆ ಊದಿದ ಹಾಗೆ. ನಿಲ್ತಾನೇ ಇಲ್ಲ!"

ಭಾವ ಮಣ್ಣು ಕೊಡವಿಕೊಳ್ಳುತ್ತ, "ಅದು ಇದ್ದಿದ್ದೇ ಅಲ್ವಾ? ಈಗೇನು ಹೊಸದು?" ಅಂದರು.

"ಇದ್ದಿದ್ದಾ? ಈಗ ಶುರುವಾಯ್ತು!"

"ಹೋಗೇ ಹುಚ್ಚಿ. ಎಲ್ರಿಗೂ ಯಾವಾಗ್ಲೂ ಕೇಳಿಸ್ತಾ ಇರುತ್ತಲ್ಲ, ಆ ಶಿಳ್ಳೆ. ಸುಮ್ಮನಿದ್ದಾಗ ಜೋರಾಗಿ ಕೇಳಿಸುತ್ತಲ್ಲ, ಅದೇ."

ಅಕ್ಕ, ನಾನು ಮುಖ ಮುಖ ನೋಡಿಕೊಂಡೆವು. "ಯಾವ ಶಿಳ್ಳೆ ರೀ?" ಎಂದು ಅಕ್ಕ ಮೆಲ್ಲಗೆ ಕೇಳಿದಳು. ಅವರಿಗೆ ಅದೂ ಕೇಳಿಸಲಿಲ್ಲ.

ಆ ಶಿಳ್ಳೆ ನನ್ನ ಕಿವಿಯಲ್ಲಿ ಮಧ್ಯಾಹ್ನದವರೆಗೆ ಇತ್ತು. ನಾನು ಹೊಲಿಯಲಾರದೆ ಹೋದೆ. ಅಳತೆ ತಪ್ಪಿತು, ಬಂದ ಗಿರಾಕಿಯ ಮೇಲೆ ರೇಗಿದೆ, ತಲೆ ಗೋಡೆಗೆ ಚಚ್ಚಿಕೊಳ್ಳೋಣ ಅನ್ನಿಸಿತು. ಊಟದ ಹೊತ್ತು ಕಳೆದ ಮೇಲೆ ಅದು ತಾನೇ ನಿಂತಿತು. ಓಡಿಹೋಗಿ ಭಾವನಿಗೆ ಹೇಳಿದೆ. "ಹೋಯ್ತು ಭಾವ, ಪೂರ್ತಿ ಹೋಯ್ತು!"

ಭಾವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಹೋಯ್ತು ಅಂದ್ರೆ? ಅದು ಹೇಗೆ ಹೋಗುತ್ತೆ?"

 ಅರ್ಧ ದಿನ ತಡೆಯಲಾರದೆ ನಾನು ಒದ್ದಾಡಿದ್ದೆ. ಈ ಮನುಷ್ಯ ಅದನ್ನು ಹೊತ್ತುಕೊಂಡು ಇಪ್ಪತ್ತು ವರ್ಷದ ಮೇಲಾಗಿದೆ, ಎಲ್ಲರೂ ಹೊತ್ತಿದ್ದಾರೆ ಎಂದುಕೊಂಡು!

ಮಾರನೇ ದಿನ, ನಾವೆಲ್ಲ ಸಿಸ್ಟರ್ ಎಂದೇ ಕರೆಯುವವರೊಬ್ಬರು ಪಂಕ್ಚರಾದ ಸ್ಕೂಟರ್ ತಳ್ಳಿಕೊಂಡು ಬಂದರು. ಸೈನ್ಯದ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಈಗ ಮಾಜಿ ಸೈನಿಕರ ಕಚೇರಿಯಲ್ಲಿ, ಪರಿಹಾರಕ್ಕೆ ಅರ್ಜಿ ಹಾಕುವವರಿಗೆ ನೆರವಾಗುತ್ತಾರೆ. ಅವರನ್ನು ಕಂಡರೆ ಭಾವ ಇವತ್ತಿಗೂ ನೆಟ್ಟಗೆ ನಿಲ್ಲುತ್ತಾರೆ. ಭಾವ ಟ್ಯೂಬ್ ನೀರಿಗೆ ಹಾಕುತ್ತಿದ್ದಾಗ ನಾನು ತಡೆಯಲಾರದೆ ನಡೆದದ್ದೆಲ್ಲ ಹೇಳಿಬಿಟ್ಟೆ.

ಸಿಸ್ಟರ್ ಗುಳ್ಳೆಗಳನ್ನೇ ನೋಡುತ್ತಿದ್ದರು. "ನೀವು ಕಿವಿ ಕೊಟ್ಟು ಪಂಕ್ಚರ್ ಹುಡುಕೋದೇ ಇಲ್ವಾ?" ಎಂದು ಜೋರಾಗಿ ಕೇಳಿದರು.

"ಕಿವೀಲಿ ಹೇಗೆ ಸಿಸ್ಟರ್? ಎಲ್ಲಿ ನೋಡಿದ್ರೂ ಸುಯ್ ಅಂತಾನೇ ಇರುತ್ತಲ್ಲ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾವು ಹೊಗಳುತ್ತಿದ್ದ ನಿಗಾ ಇದೇನಾ!

"ಇದಕ್ಕೆ ಕಿವಿಮೊರೆತ ಅಂತಾರೆ" ಅಂದರು ಸಿಸ್ಟರ್. "ಡಾಕ್ಟ್ರು ಟಿನ್ನಿಟಸ್ ಅಂತಾರೆ. ಗನ್ನು, ಬಾಂಬು, ದೊಡ್ಡ ಇಂಜಿನ್ನು, ವಿಮಾನ, ಇವುಗಳ ಪಕ್ಕ ಇದ್ದವರಿಗೆ ಬರುತ್ತೆ. ಹೊರಗೆ ಸದ್ದಿಲ್ಲದಿದ್ರೂ ಒಳಗೆ ಕೇಳಿಸ್ತಾನೇ ಇರುತ್ತೆ. ನಿದ್ದೆ ಬರುತ್ತಾ ನಿಮಗೆ?"

"ಎಲ್ಲಿಂದ ಬರಬೇಕು? ಟಿ.ವಿ. ಜೋರಾಗಿ ಹಾಕ್ಕೊಂಡೇ ಒರಗ್ತಾರೆ" ಎಂದು ಅಕ್ಕ ಉತ್ತರ ಕೊಟ್ಟಳು. "ತಲೆನೋವು ಅಂತಾರೆ. ಎದ್ದು ನಿಂತ್ರೆ ತಲೆ ಸುತ್ತುತ್ತೆ. ಮದುವೆ ಮನೆಗೂ ಬರಲ್ಲ, ಮಾತಾಡಿದ್ರೆ ರೇಗ್ತಾರೆ. ಸ್ವಭಾವಾನೇ ಹಾಗೆ ಅಂದ್ಕೊಂಡಿದ್ದೆ."

"ಎಷ್ಟೋ ಸಲ ಇವೆಲ್ಲ ಒಂದೇ ಬೇರಿಂದ ಬರುತ್ತೆ ಕಣಮ್ಮ. ಕಿವಿ ಮಂದ ಆಗೋದು, ನಿದ್ದೆಗೇಡು, ತಲೆಸುತ್ತು, ಸಿಟ್ಟು, ಮನಸ್ಸು ಕುಗ್ಗೋದು. ಡಾಕ್ಟ್ರಿಗೆ ಎಲ್ಲವನ್ನೂ ಹೇಳ್ಬೇಕು. ಸೇವೆಯಿಂದ ಬಂದಿದ್ದು ಅಂತ ಆದ್ರೆ ಚಿಕಿತ್ಸೆ ಸಿಗುತ್ತೆ, ಅಂಗವೈಕಲ್ಯದ ಪರಿಹಾರಾನೂ ಸಿಗಬಹುದು."

ಅಂಗವೈಕಲ್ಯ ಎಂಬ ಮಾತು ಮಾತ್ರ ಭಾವನಿಗೆ ಒಂದೇ ಸಲಕ್ಕೆ ಕೇಳಿಸಿತು ನೋಡಿ! ಮುಖ ಕೆಂಪಗಾಯಿತು. "ಕೈಕಾಲು ಗಟ್ಟಿ ಇರೋನು ಅಂಗವಿಕಲ ಅಂತ ಕೈ ಚಾಚೋದಾ? ನನ್ನ ಜೊತೆ ಗನ್ನಲ್ಲಿದ್ದ ನಮ್ಮ ಉದ್ದಪ್ಪ ಕಾಲು ಕಳ್ಕೊಂಡ. ಅದು ಗಾಯ. ಇದು ಎಲ್ರಿಗೂ ಇರೋದು ಸಿಸ್ಟರ್, ಈ ಹೆಂಗಸರು ಸುಮ್ನೆ ಹೆದರಿಸ್ತಾರೆ. ತಡೀರಿ, ಈಗಲೇ ತೋರಿಸ್ತೀನಿ."

ಫೋನ್ ತೆಗೆದು, ಜೋರಾಗಿ ಕೇಳುವ ಹಾಗಿಟ್ಟು, ತಮ್ಮ ಗನ್ನಿನ ಜೊತೆಗಾರರಿಗೆ ಒಬ್ಬೊಬ್ಬರಿಗೇ ಹಚ್ಚಿದರು. "ಲೋ, ಸುಮ್ಮನಿದ್ದಾಗ ಶಿಳ್ಳೆ ಕೇಳಿಸುತ್ತೇನೋ?" ಮೊದಲನೆಯವನು, "ಕೇಳಿಸ್ದೆ ಏನೋ? ಅದಕ್ಕೆ ಫೋನ್ ಮಾಡಿದ್ಯಾ?" ಎಂದು ನಕ್ಕ. ಎರಡನೆಯವನದೂ ಅದೇ ಮಾತು. ಕೊನೆಗೆ ಉದ್ದಪ್ಪ.

"ಇರುತ್ತಲ್ಲೋ, ಎಲ್ರಿಗೂ ಇರುತ್ತೆ" ಅಂದರು ಉದ್ದಪ್ಪ. "ಜನ ಹೇಗೆ ತಡ್ಕೋತಾರೋ ಅಂತಾನೇ ನನಗೆ ಆಶ್ಚರ್ಯ. ಕಾಲಿಲ್ಲದ್ದು ಅಭ್ಯಾಸ ಆಯ್ತು ಕಣೋ. ಇದು ನಿಲ್ಲುತ್ತೆ ಅಂದ್ರೆ ಇನ್ನೊಂದು ಕಾಲೂ ಕೊಟ್ಬಿಡ್ತೀನಿ."

 ಭಾವ ಫೋನ್ ಇಟ್ಟು, "ನೋಡಿದ್ರಾ? ಎಲ್ರಿಗೂ ಇದೆ" ಎಂದು ಮೀಸೆ ತಿರುವಿದರು.

"ಎಲ್ಲರೂ ಒಂದೇ ಗನ್ನಿನ ಪಕ್ಕ ನಿಂತವರು" ಅಂದರು ಸಿಸ್ಟರ್. "ಗನ್ ಹತ್ರ ಬರದವರು ಯಾರೂ ಇರ್ಲಿಲ್ವಾ?"

ಭಾವ ಯೋಚಿಸಿ ತಮ್ಮ ದಳದ ಅಡಿಗೆಯವನಿಗೆ ಫೋನ್ ಹಚ್ಚಿದರು.

"ಶಿಳ್ಳೆನಾ? ಯಾವುದು, ಕುಕ್ಕರ್‌ದಾ?" ಅಂದ ಅವನು.

"ಅಲ್ಲ ಕಣೋ, ಸದ್ದೆಲ್ಲ ನಿಂತಾಗ ಕೇಳಿಸೋದು."

"ಸದ್ದು ನಿಂತ್ರೆ ಇನ್ನೇನೋ ಕೇಳಿಸುತ್ತೆ? ಹುಷಾರಾಗಿದ್ದೀಯಾ ತಾನೇ?"

ಭಾವನ ಕೈ ಮೀಸೆಯಿಂದ ಕೆಳಗಿಳಿಯಿತು. ಆದರೂ ಬಿಡಬೇಕಲ್ಲ! "ಅವನಿಗೆ ಮೊದಲಿಂದಲೂ ಕಿವಿ ಸರಿ ಇಲ್ಲ" ಎಂದು ಗೊಣಗಿದರು. ಆಮೇಲೆ ದನಿ ತಗ್ಗಿತು. "ಅಲ್ಲ ಸಿಸ್ಟರ್, ಇದ್ರೂ ಈಗೇನು ಮಾಡೋಕಾಗುತ್ತೆ? ಸೈನ್ಯದಿಂದ ಬಿಡುಗಡೆ ಆಗೋವಾಗ ಡಾಕ್ಟ್ರು ಕೇಳಿದ್ರು. ಏನೂ ತೊಂದರೆ ಇಲ್ಲ ಅಂದ್ಬಿಟ್ಟೆ. ತೊಂದರೆ ಇದೆ ಅಂದವರನ್ನ ಅಲ್ಲೇ ಉಳಿಸ್ಕೋತಿದ್ರು. ನನಗೆ ಮನೆ ಸೇರಿದ್ರೆ ಸಾಕಾಗಿತ್ತು."

"ಎಷ್ಟು ಜನ ಹೀಗೇ ಅಂದಿರ್ತಾರೆ ಗೊತ್ತಾ? ಅದೊಂದೇ ಮಾತಿಗೆ ಬಾಗಿಲು ಮುಚ್ಚಿತು ಅಂತ ಯಾರೂ ಅಂದ್ಕೋಬಾರದು. ನಿಯಮ ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ಕಚೇರಿಗೆ ಬಂದು ಕೇಳಿ. ಈ ಶಿಳ್ಳೆಯನ್ನ ಯಾವ ಯಂತ್ರಾನೂ ಹಿಡಿಯಲ್ಲ, ಅದು ನಿಮಗೆ ಮಾತ್ರ ಕೇಳಿಸೋದು. ಅದಕ್ಕೇ ನಿಮ್ಮ ಮಾತಿಗೆ ಬೆಲೆ. ಯಾವಾಗ ಶುರುವಾಯ್ತು, ಯಾವ ಗನ್ ಹತ್ರ ಇದ್ರಿ, ಈಗ ಏನೇನು ಕಷ್ಟ, ಇದ್ದಿದ್ದು ಇದ್ದ ಹಾಗೆ ಹೇಳಿ. ಉದ್ದಪ್ಪನವರು ತಾವು ಕಂಡಿದ್ದನ್ನ ಬರೆದುಕೊಡಲಿ. ಮನೆಯವರು ತಾವು ನೋಡಿದ್ದನ್ನ ಬರೆದುಕೊಡಲಿ. ಸೇವೆಯಿಂದಲೇ ಬಂದಿರಬಹುದಾ ಅಂತ ಕಿವಿ ಡಾಕ್ಟ್ರು ಅಭಿಪ್ರಾಯ ಬರೀತಾರೆ. ಮಾಡಿಸಿಕೊಡ್ತೀನಿ ದುಡ್ಡು ಕೊಡಿ ಅಂತ ಯಾರಾದ್ರೂ ಬಂದ್ರೆ ಹತ್ತಿರಕ್ಕೂ ಸೇರಿಸ್ಬೇಡಿ."

ಭಾವ ತಲೆ ಅಲ್ಲಾಡಿಸಿದರು. "ನೋಡೋಣ, ನೋಡೋಣ" ಎಂದು ಟೈರಿನ ಕಡೆ ತಿರುಗಿದರು.

ನಮ್ಮ ಅಕ್ಕ ಮಾತು ಕಡಿಮೆಯವಳು. ಅವತ್ತು ಅಂಗಡಿಯ ಶಟರ್ ಎಳೆದು ಬೀಗ ಜಡಿದು ಕೀ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿನ್ನೆ ನಾನಿದ್ದೆ, ಎಳೆದೆ. ನಾನಿಲ್ಲದಾಗ ಒಡೆದ್ರೆ? ಕಿವಿ ತೋರಿಸೋವರೆಗೂ ಈ ಬಾಗಿಲು ತೆಗೆಯಲ್ಲ. ಬೈದ್ರೂ ಅಷ್ಟೇ, ಬಡ್ಕೊಂಡ್ರೂ ಅಷ್ಟೇ." ಬೀದಿಯವರೆಲ್ಲ ನೋಡುತ್ತಿದ್ದರು. ಭಾವನಿಗೆ ಅವಮಾನವಾಯಿತು, ಆದರೂ ಅಕ್ಕನ ಮುಖ ನೋಡಿ "ಆಯ್ತು, ನಡಿ" ಅಂದರು.

ಹೀಗೆ ಸಿಸ್ಟರ್ ಜೊತೆ ಆಸ್ಪತ್ರೆಗೆ ಹೋದೆವು. ಕಿವಿ ಪರೀಕ್ಷೆಗೆ ಅಲ್ಲೊಂದು ಚಿಕ್ಕ ಕೋಣೆ. ಗೋಡೆಗೆಲ್ಲ ಸ್ಪಂಜು, ದಪ್ಪ ಬಾಗಿಲು, ಕೂರಲು ಒಂದು ಕುರ್ಚಿ. ಹೊರಗಿನ ಒಂದು ಸದ್ದೂ ಒಳಗೆ ಹೋಗುವುದಿಲ್ಲ. ಗಾಜಿನಾಚೆಯಿಂದ ನಾವು ನೋಡುತ್ತಿದ್ದೆವು. ಬಾಗಿಲು ಮುಚ್ಚಿದ ಕೂಡಲೇ ಭಾವನ ಮುಖ ಹಿಂಡಿಕೊಂಡಿತು, ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದರು. ಸಣ್ಣ ಸದ್ದು ಕೇಳಿದಾಗ ಗುಂಡಿ ಒತ್ತಬೇಕಿತ್ತು. ಬಹಳ ಹೊತ್ತು ಒತ್ತಲೇ ಇಲ್ಲ.

ಪರೀಕ್ಷೆ ಮಾಡಿದ ಹುಡುಗಿ ಹೊರಗೆ ಬಂದು, "ಎತ್ತರದ ಶ್ರುತಿಯ ದನಿಗಳು ಇವರಿಗೆ ಕೇಳಿಸ್ತಾನೇ ಇಲ್ಲ. ಹೆಂಗಸರ ದನಿ, ಮಕ್ಕಳ ದನಿ ಬಹಳ ಕಷ್ಟ" ಅಂದಳು. ಅಕ್ಕ ಗೋಡೆಗೆ ಒರಗಿದಳು. ಮದುವೆಯಾದಾಗಿನಿಂದ ಅವಳು ಮಾತಾಡಿದ್ದರಲ್ಲಿ ಎಷ್ಟು ಆ ಮನುಷ್ಯನನ್ನು ತಲುಪಿತ್ತೋ!

ಭಾವ ಹೊರಗೆ ಬಂದರು. ಬೆವತುಹೋಗಿದ್ದರು. ಅಕ್ಕನ ತೋಳು ಹಿಡಿದು, "ನೀನು ಹೋಗಿ ಒಳಗೆ ಕೂತ್ಕೋ" ಅಂದರು.

"ನನಗ್ಯಾಕ್ರೀ ಪರೀಕ್ಷೆ?"

"ಕೂತ್ಕೋ ಅಂದೆ. ಬಂದು ಹೇಳು."

ಹುಡುಗಿ ಆಗಲಿ ಎಂದು ಬಾಗಿಲು ತೆಗೆದಳು. ಅಕ್ಕ ಸ್ವಲ್ಪ ಹೊತ್ತು ಕೂತು ಎದ್ದುಬಂದಳು. ಭಾವ ಅವಳ ತುಟಿಯನ್ನೇ ನೋಡುತ್ತ ಕೇಳಿದರು. "ಏನು ಕೇಳಿಸ್ತು?"

"ಏನೂ ಇಲ್ಲ ರೀ."

"ಸರಿಯಾಗಿ ಹೇಳೇ."

"ನನ್ನ ಉಸಿರು ಕೇಳಿಸ್ತು. ಉಸಿರು ಹಿಡಿದ್ಕೊಂಡೆ. ಆಮೇಲೆ ಏನೂ ಇರ್ಲಿಲ್ಲ."

"ಒಂಚೂರೂ?"

ಅಕ್ಕ ಅಳುತ್ತ ಇಲ್ಲ ಎಂದು ತಲೆಯಾಡಿಸಿದಳು. ಭಾವ ನನ್ನ ಕಡೆ ತಿರುಗಿದರು, ಸಿಸ್ಟರ್ ಕಡೆ ತಿರುಗಿದರು.

"ಹಾಗಾದ್ರೆ ನೀವೆಲ್ಲ ದಿನಾ ಹಾಗೇ ಮಲಗ್ತೀರಾ? ಏನೂ ಕೇಳಿಸ್ದೆ?"

 ಭಾವ ಅಲ್ಲಿದ್ದ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಗನ್ ಎಳೆದ ಆ ದೊಡ್ಡ ಭುಜಗಳು ಮಗುವಿನ ಹಾಗೆ ಕುಲುಕುತ್ತಿದ್ದವು. ಆಮೇಲೆ ಕಣ್ಣೊರೆಸಿಕೊಂಡು, "ಅರ್ಜಿ ಎಲ್ಲಿ ಹಾಕ್ಬೇಕು ಸಿಸ್ಟರ್? ಉದ್ದಪ್ಪನಿಗೂ ಹೇಳ್ಬೇಕು. ಪಾಪ, ಅವನು ಇನ್ನೂ ಎಲ್ರಿಗೂ ಇದೆ ಅಂದ್ಕೊಂಡು ಕೂತಿದಾನೆ" ಅಂದರು.

ಅರ್ಜಿ ಒಂದು ಸಲ ವಾಪಸ್ ಬಂತು, ಇನ್ನಷ್ಟು ಪುರಾವೆ ಬೇಕೆಂದರು. ಕೈಬಿಡದೆ ಮತ್ತೆ ಹಾಕಿದರು, ಮಂಜೂರಾಯಿತು. ಭಾವನ ಕಿವಿಗೆ ಯಂತ್ರ ಬಂದಿದೆ. ಶಿಳ್ಳೆ ಹೋಗಿಲ್ಲ, ಸುಳ್ಳು ಹೇಳಲಾರೆ. ಆದರೆ ತಗ್ಗಿದಂತಿದೆ, ನಿದ್ದೆ ಬರುತ್ತಿದೆ, ಅಕ್ಕ ಕರೆದರೆ ತಿರುಗುತ್ತಾರೆ.

ಈಗ ನಿಮಗೆ ಹೇಳುತ್ತೇನೆ, ಕೇಳಿ ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಮನೆಯಲ್ಲಿ ಸೈನ್ಯದಲ್ಲಿದ್ದು ಬಂದವರು ಯಾರಾದರೂ ಇದ್ದರೆ, ಇವತ್ತೇ ಟಿ.ವಿ. ಆರಿಸಿ, ಫ್ಯಾನ್ ಆರಿಸಿ, ಅವರ ಪಕ್ಕ ಕೂತು, "ಈಗ ನಿಮಗೆ ಏನು ಕೇಳಿಸ್ತಿದೆ?" ಎಂದು ಕೇಳಿ. ನಾವು ಯಾರೂ ಕೇಳಿರಲಿಲ್ಲ. "ಎಲ್ರಿಗೂ ಕೇಳಿಸೋದೇ" ಎಂದು ಅವರು ಅಂದರೆ, ಕೈ ಹಿಡಿದು ಹೇಳಿ: ನಮಗೆ ಏನೂ ಕೇಳಿಸುತ್ತಿಲ್ಲ. ಆಮೇಲೆ ಆ ಕೈ ಬಿಡಬೇಡಿ, ಕಿವಿ ಡಾಕ್ಟರ ಬಾಗಿಲಿಗೂ ಮಾಜಿ ಸೈನಿಕರ ಕಚೇರಿಗೂ ನೀವೇ ಕರೆದುಕೊಂಡು ಹೋಗಿ.