ಬಾಯಿಗೆ ಬಟ್ಟೆ

ಗುಜರಿಯವನು ಹೊತ್ತಿಗೆ ಮುಂಚೆಯೇ ಬಂದು ಕೂತಿದ್ದ. ಯಾರೂ ಕೊಡದಿದ್ದರೂ ತಾನೇ ಸ್ಟೂಲು ಎಳೆದುಕೊಂಡು, ನಮ್ಮ ಶೆಡ್ಡಿನ ಬಾಗಿಲಿನ ನಟ್ಟನಡುವೆ. ಏನನ್ನು ಕಂಡರೂ ಕಣ್ಣಲ್ಲೇ ತೂಗುವವನಾದ್ದರಿಂದ ಎಲ್ಲರೂ ಅವನನ್ನು ತಕ್ಕಡಿ ಎನ್ನುತ್ತಿದ್ದರು. ಹೊರಗೆ ಅವನ ಲಾರಿ ಕೊಕ್ಕೆ ಇಳಿಬಿಟ್ಟುಕೊಂಡು ನಿಂತಿತ್ತು.

ಕರಾರು ಅವನದೇ. ನಮ್ಮ ಹಳೆಯ ಕಾರಿನ ಎಂಜಿನ್ ಬಿರುಕು ಬಿಟ್ಟಾಗ, ನಜ್ಜುಗುಜ್ಜಾದ ವ್ಯಾನೊಂದರ ಎಂಜಿನ್ ಬಿಚ್ಚಿ ಕೊಟ್ಟಿದ್ದ. ಇಂದು ಮಧ್ಯಾಹ್ನದೊಳಗೆ ಕಾರು ತಾನೇ ಓಡಿ ಶೆಡ್ಡಿನ ಹೊಸ್ತಿಲು ದಾಟಿದರೆ ಎಂಜಿನ್ ನಮ್ಮದು. ಬದಲಿಗೆ ವಾರಕ್ಕೊಮ್ಮೆ ಅವನ ಸಾಮಾನು ಹೊರಬೇಕು. ದಾಟದಿದ್ದರೆ ಎಂಜಿನ್ನೂ ಕಾರೂ ಎರಡೂ ಅವನವು. ಇಲ್ಲದವರ ಜೊತೆ ಇದ್ದವರು ಮಾಡಿಕೊಳ್ಳುವ ಕರಾರೆಲ್ಲ ಹೀಗೇ: ಗೆದ್ದರೂ ಹೊರು, ಸೋತರೂ ಹೊರು.

ಒಪ್ಪದೆ ಗತಿಯಿರಲಿಲ್ಲ. ಅತ್ತಿಗೆ ಆ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರು; ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ. ಅಣ್ಣನ ಬಲಗೈಯನ್ನು ಕಾರ್ಖಾನೆಯ ಪ್ರೆಸ್ಸು ನುಂಗಿತ್ತು. ಯಂತ್ರದ ಕಾವಲು ಜಾಲರಿ ಮುರಿದಿದೆ ಎಂದು ಹೇಳಲು ಹೋದವನಿಗೆ ಮೇಲ್ವಿಚಾರಕ “ಉಸಿರೆತ್ತಬೇಡ, ಕೆಲಸ ನೋಡು” ಎಂದಿದ್ದ. ಅಣ್ಣ ಉಸಿರೆತ್ತಲಿಲ್ಲ. ಕೈ ಹೋದ ಮೇಲೆ “ಅಜಾಗರೂಕತೆ” ಎಂದು ಬರೆದು ಗೇಟಿನಾಚೆ ಬಿಟ್ಟರು. ಕೈ ತಿಂದ ಬಾಯಿ ಒಂದು ತೇಗನ್ನೂ ತೇಗಲಿಲ್ಲ.

ಹಾಗಾಗಿ ಕೆಲಸ ಅತ್ತಿಗೆಯದು ಮತ್ತು ನನ್ನದು, ಬಾಯಿ ಅಣ್ಣನದು. ಅತ್ತಿಗೆ-ನಾದಿನಿ ಒಂದೇ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡು ಜಗಳವಾಡದೆ ಇದ್ದುದು ಅಕ್ಕಪಕ್ಕದವರಿಗೆ ಬಹಳ ನಿರಾಸೆ ಮಾಡಿತು. ಸರಪಳಿ ರಾಟೆ ಕಟ್ಟಿ ಹಳೆಯದನ್ನು ಎತ್ತಿ ತೆಗೆದೆವು. ಹೊಸದರ ಕಾಲುಗಳು ಕಾರಿನ ತೂತುಗಳಿಗೆ ಹೊಂದಲಿಲ್ಲ. ಅತ್ತಿಗೆ ಕಬ್ಬಿಣದ ಪಟ್ಟಿ ಕತ್ತರಿಸಿ, ವೆಲ್ಡಿಂಗ್ ಮಾಡಿ ಕೂರಿಸಿದರು. ನಾನು ಕಾರಿನ ತಳದ ತುಕ್ಕು ಕೆರೆದೆ. ಕೆರೆದಷ್ಟೂ ಕೆಳಗಿನ ನೆಲ ಕಂಡಿತು. ತೇಪೆ ಹಾಕಿ ಬಣ್ಣ ಬಳಿದೆ.

ಅಣ್ಣನ ಕಟ್ಟಪ್ಪಣೆ ಒಂದೇ. “ಬಿಚ್ಚಿದ ಬಾಯಿ ತೆರೆದಿಡಬೇಡಿ. ಒಂದು ನಟ್ಟು ಒಳಗೆ ಬಿತ್ತೋ, ಎಂಜಿನ್ ಕಥೆ ಮುಗೀತು.” ತೆರೆದ ಕೊಳವೆಗಳಿಗೆಲ್ಲ ಬಟ್ಟೆ ತುರುಕುತ್ತಿದ್ದೆವು. ಬಟ್ಟೆ ಅಮ್ಮನ ಹಳೆಬಟ್ಟೆಯ ಗಂಟಿನಿಂದ ಬರುತ್ತಿತ್ತು, ಬೈಗುಳವೂ ಅಲ್ಲಿಂದಲೇ.

ಈಗ ಅತ್ತಿಗೆ ಸ್ಟಿಯರಿಂಗ್ ಹಿಡಿದು ಕೀಲಿ ತಿರುಗಿಸಿದರು. ಎಂಜಿನ್ ಖೊಕ್ ಖೊಕ್ ಎಂದು ಕೆಮ್ಮಿ, ಕರಿ ಹೊಗೆ ಉಗುಳಿ ಸತ್ತಿತು. ಮತ್ತೊಮ್ಮೆ. ಅದೇ ಕೆಮ್ಮು.

“ಗಂಟಲು ಕಟ್ಟಿದೆ ಕಣಮ್ಮ,” ಎಂದ ತಕ್ಕಡಿ. “ನನ್ನ ಹತ್ರ ಕಳಿಸು. ನಾನು ಪೀಸು ಪೀಸು ಮಾಡಿ ವಾಸಿ ಮಾಡ್ತೀನಿ.”

“ಪೆಟ್ರೋಲ್ ಬರ್ತಿದೆಯಾ ನೋಡೇ!” ಅಣ್ಣ ನನ್ನ ಮೇಲೆ ರೇಗಿದ.

ಪ್ಲಗ್ ಬಿಚ್ಚಿದೆ. ಪೆಟ್ರೋಲಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ಕಿಡಿಯೂ ಚೆನ್ನಾಗಿಯೇ ಹಾರಿತು. ಎಲ್ಲ ಇದೆ, ಹತ್ತುತ್ತಿಲ್ಲ. ತಕ್ಕಡಿ ಎದ್ದು, ಲಾರಿಯನ್ನು ಹಿಂದಕ್ಕೆ ತರಲು ಕೈ ಬೀಸಿ, ಮತ್ತೆ ಬಂದು ಕೂತ. ಅತ್ತಿಗೆ ಸ್ಟಿಯರಿಂಗಿಗೆ ಹಣೆಯೂರಿದರು.

ಆಗ ಅಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದಳು. “ನನ್ನ ನೀಲಿ ಲಂಗ ಎಲ್ಲಿ? ಅದು ಗಂಟಿಂದಲ್ಲ, ಹೊಲಿಗೆ ಹಾಕೋಕೆ ಇಟ್ಟಿದ್ದು.”

“ಅತ್ತೆ, ಈಗಲೇ ಕೇಳ್ಬೇಕಾ?”

“ಇನ್ಯಾವಾಗ ಕೇಳ್ಲಿ? ನಿಮ್ಮ ಗಾಡಿ ಹೊರಟ ಮೇಲಾ? ಅಷ್ಟು ವರ್ಷ ನಾನಿರಲ್ಲ.”

ಅಣ್ಣನ ಮುಖ ಬಿಳಿಚಿಕೊಂಡಿತು. “ನೀಲಿದಾ? ಅದು... ನಾನೇ ತಗೊಂಡೆ. ಮೊನ್ನೆ ನೀವಿಬ್ರೂ ಊಟಕ್ಕೆ ಹೋಗಿದ್ರಲ್ಲ, ಗಾಳಿ ಎಳೆಯೋ ಕೊಳವೆ ಬಾಯಿ ತೆರೆದಿತ್ತು. ಎಡಗೈಲಿ ಆಗೋ ಕೆಲಸ ಇದೊಂದಾದ್ರೂ ಇರ್ಲಿ ಅಂತ...”

ಅವನ ಮಾತು ಮುಗಿಯುವಷ್ಟರಲ್ಲಿ ಅತ್ತಿಗೆ ಕೆಳಗಿಳಿದು ಕೊಳವೆಯ ಪಟ್ಟಿ ಸಡಿಲಿಸಿದ್ದರು. ಬಟ್ಟೆ ಆಳಕ್ಕೆ ಹೋಗಿದ್ದರಿಂದ ಜೋಡಿಸುವಾಗ ನನಗೆ ಕಂಡಿರಲಿಲ್ಲ. ಎರಡು ಬೆರಳು ಹಾಕಿ ಎಳೆದರು. ಬಂತು, ಬಂತು, ಬರುತ್ತಲೇ ಇತ್ತು.

“ರೀ, ಒಂದು ಚೂರು ಸಾಲ್ತಿರ್ಲಿಲ್ವಾ? ಇಡೀ ಲಂಗ ಉಡಿಸಿದ್ದೀರಲ್ಲ!”

ಅಣ್ಣ ನಕ್ಕ. ಕೈ ಹೋದ ಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು. “ಬಾಯಿಗೆ ಬಟ್ಟೆ ತುರುಕಿ, ಮಾತಾಡು ಮಾತಾಡು ಅಂತ ಬೈತಿದ್ದೆ ಕಣೇ. ಪಾಪ, ಅದಾದ್ರೂ ಹೇಗೆ ಉಸಿರೆತ್ತುತ್ತೆ?”

ಪ್ಲಗ್ಗುಗಳನ್ನು ಒರೆಸಿ ಬಿಗಿದೆ. ಅತ್ತಿಗೆ ಕೀಲಿ ತಿರುಗಿಸಿದರು. ಒಮ್ಮೆ ಸೀನಿ, ಎಂಜಿನ್ ಗರ್ಜಿಸಿತು. ಶೆಡ್ಡಿನ ತಗಡೆಲ್ಲ ನಡುಗಿತು. ನಾನು ಬಾನೆಟ್ಟು ಮುಚ್ಚಿ ಪಕ್ಕಕ್ಕೆ ಸರಿದೆ.

ಅತ್ತಿಗೆ ಗೇರು ಹಾಕಿದರು. ತಕ್ಕಡಿ ಸ್ಟೂಲನ್ನು ಎದೆಗವಚಿಕೊಂಡು ಪಕ್ಕಕ್ಕೆ ಹಾರಿದ. ಕಾರು ಹೊಸ್ತಿಲು ದಾಟಿ ಬಿಸಿಲಿಗೆ ಬಂತು.

“ಶಬ್ದ ಜಾಸ್ತಿ ಆಯ್ತು,” ಎಂದ ಅವನು, ಸ್ಟೂಲು ಕೆಳಗಿಡದೆ.

“ಸೈಲೆನ್ಸರ್ ಇನ್ನೂ ಕಟ್ಟಿಲ್ಲ,” ಎಂದೆ.

“ಕಟ್ಟೋಣ,” ಎಂದ ಅಣ್ಣ, ಎಡಗೈಯಿಂದ ಬಾಗಿಲು ತೆಗೆದು ಅತ್ತಿಗೆಯ ಪಕ್ಕ ಕೂರುತ್ತ. “ಮೊದಲು ಕಾರ್ಖಾನೆ ಗೇಟಿನ ಮುಂದೆ ಒಂದು ಸುತ್ತು ಹೋಗ್ಬರೋಣ.”

“ನಿಲ್ಲಿಸ್ರೋ,” ಎನ್ನುತ್ತ ಅಮ್ಮ ಲಂಗ ಕೊಡವಿಕೊಂಡು ಹಿಂದಿನ ಸೀಟಿಗೆ ಹತ್ತಿದಳು. “ನಾನೂ ಬರ್ತೀನಿ.”