ಹುಲ್ಲಿನ ಮೇಡಂ

ಪಂಚಶೀಲಾ ಓದಿದ್ದು ಹಕ್ಕಿಗಳ ಬಗ್ಗೆ, ಡಾಕ್ಟರೇಟ್ ಪಡೆದದ್ದು ಹಕ್ಕಿಗಳ ಬಗ್ಗೆ, ಸಂಬಳ ಬರುವುದೂ ಹಕ್ಕಿಗಳಿಂದಲೇ. ಆದರೂ ಕಮಲಾಪುರದಲ್ಲಿ ಅವಳ ಹೆಸರು ಹುಲ್ಲಿನ ಮೇಡಂ. ಅದನ್ನು ಊರವರು ತಾವಾಗಿ ಇಟ್ಟದ್ದಲ್ಲ, ಅವಳೇ ತನ್ನ ಬಾಯಿಂದ ಸಂಪಾದಿಸಿಕೊಂಡದ್ದು.

ಊರಾಚೆ ಜಹೀರುದ್ದೀನ್ ಅವರ ಕೆಂಪುಬಾಳೆ ತೋಟವಿದೆ. ತೋಟದ ಮೇಲುಗಡೆ ನೇಗಿಲು ಕಾಣದ ಒಂದು ಕಲ್ಲುದಿಬ್ಬ, ಅದರ ತುಂಬ ಸೊಂಟದೆತ್ತರದ ಹುಲ್ಲು. ಚಳಿಗಾಲದ ಸಂಜೆಗಳಲ್ಲಿ ಆ ಹುಲ್ಲಿಗೆ ‘ಸೆಳೆವ’ ಎಂಬ ಹಕ್ಕಿಗಳು ಇಳಿಯುತ್ತವೆ. ಹದ್ದಿನ ಬಳಗದ, ಉದ್ದ ರೆಕ್ಕೆಯ, ತೆಳ್ಳಗಿನ ಹಕ್ಕಿಗಳು. ಕಜಕಸ್ತಾನದ ಬಯಲಿನಿಂದ ಬಂದು, ಹಗಲೆಲ್ಲ ಸುತ್ತಲಿನ ತೊಗರಿ ಹೊಲಗಳಲ್ಲಿ ಮಿಡತೆ ಹಿಡಿದು ತಿಂದು, ಹೊತ್ತು ಮುಳುಗುವಾಗ ಇಲ್ಲಿ ಸೇರುತ್ತವೆ. ಅವು ಮರದ ಮೇಲಲ್ಲ, ನೆಲದ ಮೇಲೆ, ಹುಲ್ಲಿನೊಳಗೆ ಮಲಗುತ್ತವೆ.

ಹಿಂದೊಮ್ಮೆ ಬೇರೆ ಕಡೆಯ ಇಂಥದೇ ಜಾಗದ ಬಗ್ಗೆ ಪಂಚಶೀಲಾ ಖುಷಿಯಿಂದ ನಾಲ್ಕು ಜನರೆದುರು ಹೇಳಿದ್ದಳು. ವಾರ ಕಳೆಯುವುದರೊಳಗೆ ಕ್ಯಾಮೆರಾದವರ ಜೀಪುಗಳು ಹುಲ್ಲಿನ ನಡುವೆಯೇ ನುಗ್ಗಿದವು. ಹಕ್ಕಿಗಳು ಮತ್ತೆ ಅಲ್ಲಿಗೆ ಬರಲಿಲ್ಲ. ಅಂದಿನಿಂದ ಜಾಗದ ಸುದ್ದಿ ಬಂದರೆ ಅವಳ ಬಾಯಿಗೆ ಬೀಗ. ಅವಳ ವೃತ್ತಿಯಲ್ಲಿ ಅದು ಒಪ್ಪಿತ ಪದ್ಧತಿಯೇ, ಪ್ರಕಟಿಸುವ ನಕ್ಷೆಯನ್ನೂ ಬೇಕೆಂದೇ ಮಸುಕು ಮಾಡುತ್ತಾರೆ. ಆದರೆ ಹೊಲದ ಯಜಮಾನನಿಂದಲೇ ಮುಚ್ಚಿಡಬೇಕೆಂದು ಯಾವ ವಿಜ್ಞಾನವೂ ಹೇಳಿರಲಿಲ್ಲ. ಅದು ಅವಳ ಸ್ವಂತ ಜಾಣತನ.

"ಹುಲ್ಲಿನ ಮ್ಯಾಲ ಅಭ್ಯಾಸ ಮಾಡಾಕತ್ತೀನ್ರಿ ಚಾಚಾ" ಎಂದು ಜಹೀರುದ್ದೀನ್ ಅವರಿಗೆ ಹೇಳಿದ್ದಳು. ಚಾಚಾ ನಂಬಿದರು. ಸಂಜೆಯ ನಮಾಜಿಗೆ ಅವರು ಊರೊಳಗಿನ ಮಸೀದಿಯಲ್ಲಿ ಇರುತ್ತಿದ್ದುದರಿಂದ ಹಕ್ಕಿಗಳು ಇಳಿಯುವುದನ್ನು ಎಂದೂ ಕಂಡವರಲ್ಲ. ಊರೆಲ್ಲ ಹುಲ್ಲಿನ ಮೇಡಂ ಎಂದರೂ ಅವರಿಗೂ ಅವರ ಹೆಂಡತಿಗೂ ಅವಳು ಬೇಟಿ, ಮಗಳು. ಹೋದ ವಾರ ಚಾಚಾ, "ನಾನೂ ಬಂದು ಹುಲ್ಲು ಕೊಯ್ದು ಕೊಡ್ಲೇನು ಬೇಟಿ?" ಎಂದು ಕೇಳಿದರು. ಅವರು ದಿಬ್ಬ ಹತ್ತಿದರೆ ಗುಟ್ಟು ರಟ್ಟಾಗುತ್ತದೆಂದು ಹೆದರಿ ಅವಳು, "ಬ್ಯಾಡ್ರಿ ಚಾಚಾ, ಹುಲ್ಲಿನ ಕೆಲಸ ಮುಗೀತು" ಎಂದುಬಿಟ್ಟಳು. ಹಕ್ಕಿಗಳು ಮರಳಿ ಹೊರಡಲು ಇನ್ನೂ ತಿಂಗಳಿತ್ತು.

ಇವತ್ತು ಇಳಿಹೊತ್ತಿಗೆ ನಗರದ ಜೇವರ್ಗಿ ಕಾಲೋನಿಯ ಅವಳ ಮನೆಯೆದುರು ಚಾಚಾನ ಮಗ ಜಾವೀದ್ ಪಿಕಪ್ ನಿಲ್ಲಿಸಿದ. ಮಾರ್ಕೆಟ್ಟಿನಲ್ಲಿ ಬಾಳೆಕಾಯಿ ಇಳಿಸಿ ಬಂದಿದ್ದ. ಕೈಯಲ್ಲೊಂದು ದೊಡ್ಡ ಚಿಪ್ಪು ಕೆಂಪುಬಾಳೆ.

"ಅಬ್ಬಾ ಕಳಿಸ್ಯಾರ್ರೀ ಮೇಡಂ. ನಿಮ್ಮ ಕೆಲಸ ಮುಗೀತಂತಲ್ಲ, ಅದಕ್ಕ. ಇವತ್ತು ನಮಾಜ್ ಮುಗಿಸಿ ದಿಬ್ಬಕ್ಕ ಬೆಂಕಿ ಹಾಕ್ತಾರ. ನಿಮ್ಮ ಸಲುವಾಗಿ ಎರಡು ವರ್ಷ ಬಿಟ್ಟಿದ್ರು."

ಬಾಳೆಯ ಚಿಪ್ಪನ್ನು ಅವಳು ಹೊಸ್ತಿಲ ಮೇಲೆಯೇ ಇಟ್ಟುಬಿಟ್ಟಳು. ಹಳೆ ಹುಲ್ಲು ಸುಟ್ಟರೆ ಮುಳ್ಳುಕಂಟಿ ಸಾಯುತ್ತದೆ, ಮಳೆ ಬಿದ್ದಾಗ ಎಮ್ಮೆಗಳಿಗೆ ಎಳೆಹುಲ್ಲು ಸಿಗುತ್ತದೆ. ಸುಡುವುದಕ್ಕೂ ಒಂದು ಕ್ರಮವಿದೆ: ಹೊತ್ತು ಮುಳುಗಿ ಗಾಳಿ ಬಿದ್ದಮೇಲೆಯೇ ಹಚ್ಚಬೇಕು, ಇಲ್ಲದಿದ್ದರೆ ಕಿಡಿ ತೋಟಕ್ಕೆ ಹಾರುತ್ತದೆ. ಅಂದರೆ ಹಕ್ಕಿಗಳೆಲ್ಲ ಇಳಿದು ಮಲಗಿದ ಹೊತ್ತಿಗೆ ಸರಿಯಾಗಿ.

"ಗಾಡಿ ತೆಗೀರಿ ಜಾವೀದ್ ಭಾಯಿ. ನಾನೂ ಬರ್ತೀನಿ."

ಅವಳು ಗಾಡಿಯಲ್ಲೇ ಚಾಚಾನ ನಂಬರಿಗೆ ಫೋನ್ ಹಚ್ಚಿದಳು. ಎತ್ತಿದ್ದು ಅವರ ಹೆಂಡತಿ ಜೈನಾಬಿ. "ನಮಾಜಿಗಿ ಹೋಗುವಾಗ ಫೋನ್ ಒಯ್ಯಂಗಿಲ್ಲ ಬೇಟಿ. ಅಲ್ಲಿಂದ ಹಂಗೇ ಹೊಲಕ್ಕ ಹೋಗ್ತಾರ."

"ಯಾರನ್ನಾದ್ರೂ ಕಳಿಸ್ರಿ ಚಾಚಿ. ಇವತ್ತು ಬೆಂಕಿ ಬ್ಯಾಡಂತ ಹೇಳ್ರಿ."

"ಯಾಕವ್ವಾ?"

ಹೇಳಬಹುದಿತ್ತು. ನಾಲ್ಕು ಮಾತು ಸಾಕಿತ್ತು. ಆದರೆ ಅಭ್ಯಾಸವೆಂಬುದು ಕೆಟ್ಟದ್ದು, ಅವಸರದಲ್ಲಿ ಬಾಯಿಗೆ ಮೊದಲು ಅದೇ ಬರುತ್ತದೆ. "ಅದು... ಹುಲ್ಲು ಇನ್ನೂ ಸ್ವಲ್ಪ ಬೇಕಾಗೇದ ಚಾಚಿ" ಎಂದಳು.

"ಅಷ್ಟೇ ಹೌದಿಲ್ಲ? ಹೇಳಿ ಕಳಿಸ್ತೀನಿ ಬಿಡು" ಎಂದು ಜೈನಾಬಿ ನಕ್ಕು ಫೋನ್ ಇಟ್ಟರು. ಮತ್ತೆ ಹಚ್ಚಿದರೆ ರಿಂಗ್ ಆಗುತ್ತಲೇ ಹೋಯಿತು, ಯಾರೂ ಎತ್ತಲಿಲ್ಲ.

ಹುಮನಾಬಾದ್ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಸೂರ್ಯ ಕೆಳಗಿಳಿಯುವುದನ್ನು ಪಂಚಶೀಲಾ ಎಡಗಡೆಯ ಕನ್ನಡಿಯಲ್ಲಿ ನೋಡುತ್ತ ಕುಳಿತಳು. ಜಾವೀದ್ ಒಂದೆರಡು ಸಲ ಅವಳ ಮುಖ ನೋಡಿದ.

"ಒಂದು ಹೊರೆ ಹುಲ್ಲಿಗಿ ಇಷ್ಟ್ಯಾಕ ಬೆವರಾಕತ್ತೀರಿ ಮೇಡಂ?"

ಅವಳು ಹೇಳಿದಳು. ಹಕ್ಕಿಗಳು, ಕಜಕಸ್ತಾನ, ಜೀಪುಗಳು, ಎಲ್ಲವನ್ನೂ ಒಂದೇ ಉಸಿರಿಗೆ. ಮಹಾಗಾಂವ ಕ್ರಾಸ್ ದಾಟುವಾಗ ಜಾವೀದ್ ಗಾಡಿಯ ವೇಗ ಹೆಚ್ಚಿಸಿದ. ಎದುರು ಲಾರಿ ಬರುತ್ತಿದ್ದರೂ ಒಂದು ಬಸ್ಸನ್ನು ಹಿಂದೆ ಹಾಕಿದ, ಅವಳು ಸೀಟು ಹಿಡಿದು ಕಣ್ಣು ಮುಚ್ಚಿದಳು.

"ನಮ್ಮ ಮನ್ಯಾಗ ಎರಡು ವರ್ಷ ಚಹಾ ಕುಡದೀರಿ" ಎಂದ ಅವನು ಕೊನೆಗೆ. "ಹೇಳಿದ್ರ ನಾವು ಹಿಡಕೊಂಡು ತಿಂತೀವಿ ಅಂತ ತಿಳದಿದ್ರೇನ್ರಿ?"

"ಹಂಗಲ್ಲ ಭಾಯಿ. ಯಾರಿಗೂ ಹೇಳಿದ್ದಿಲ್ಲ ನಾ."

"ಯಾರಿಗೂ ಅನ್ನೋದ್ರಾಗ ಅಬ್ಬಾ ಹೆಂಗ ಬಂದ್ರು?"

ಅವಳಿಗೆ ಮುಖ ಸುಡುವಷ್ಟು ನಾಚಿಕೆಯಾಯಿತು. ಅಷ್ಟರಲ್ಲಿ ಸೂರ್ಯ ಮುಳುಗಿಯೇಬಿಟ್ಟಿದ್ದ.

ಕಮಲಾಪುರ ದಾಟಿ ಗಾಡಿ ಹೊಲದ ದಾರಿ ಹಿಡಿದಾಗ ಇನ್ನೂ ಮಬ್ಬು ಬೆಳಕಿತ್ತು. ಗಾಳಿ ಬಿದ್ದಿತ್ತು. ದಿಬ್ಬದ ಪಡುವಣ ಅಂಚಿನಲ್ಲಿ ಕೆಂಪಗೆ ಒಂದು ಗೆರೆ. ಪಂಚಶೀಲಾ ಗಾಡಿ ನಿಲ್ಲುವ ಮೊದಲೇ ಹಾರಿದಳು, ಕಾಲು ಹೊರಳಿತು, ಎದ್ದು ಓಡಿದಳು. "ಚಾಚಾ, ಆರಿಸ್ರಿ! ಒಳಗ ಹಕ್ಕಿ ಅದಾವು!"

ಜಹೀರುದ್ದೀನ್, ನೆರೆಹೊಲದ ಮಕ್ಬೂಲ್ ಮತ್ತಿಬ್ಬರು ಒದ್ದೆ ಗೋಣಿಚೀಲ ಹಿಡಿದು ಬೆಂಕಿ ಕಾಯುತ್ತಿದ್ದವರು ತಿರುಗಿ ನೋಡಿದರು. ಅದೇ ಹೊತ್ತಿಗೆ ಹುಲ್ಲಿನೊಳಗಿಂದ ಹಕ್ಕಿಗಳು ಎದ್ದವು. ಒಂದು, ನಾಲ್ಕು, ಆಮೇಲೆ ದಿಬ್ಬಕ್ಕೆ ದಿಬ್ಬವೇ ಎದ್ದಂತೆ. ಹೊಗೆಯಲ್ಲಿ ದಿಕ್ಕು ತಪ್ಪಿ ಒಂದಕ್ಕೊಂದು ಬಡಿದುಕೊಂಡವು. ಮಕ್ಬೂಲ್ ಚೀಲ ಕೆಳಗೆ ಹಾಕಿ ಬಾಯಿ ತೆರೆದು ನಿಂತ.

"ನಿಂತು ಏನ್ ನೋಡ್ತೀ, ಬಡಿ" ಎಂದು ಜಹೀರುದ್ದೀನ್ ಗದರಿದರು. ಎಲ್ಲರೂ ಒದ್ದೆ ಚೀಲಗಳಿಂದ ಬೆಂಕಿ ಬಡಿಯತೊಡಗಿದರು. ಜಾವೀದ್ ಬಾಳೆಗೆ ನೀರು ಬಿಡುವ ಪೈಪು ಎಳೆದು ತಂದ. ಪಂಚಶೀಲಾಳ ಅಂಗೈ ಸುಟ್ಟಿತು, ಗೊತ್ತಾಗಲಿಲ್ಲ. ಬೆಂಕಿ ಆರುವ ಹೊತ್ತಿಗೆ ಅರ್ಧ ದಿಬ್ಬ ಕಪ್ಪಾಗಿತ್ತು.

ಹಕ್ಕಿಗಳು ಮೇಲೆ ಸ್ವಲ್ಪ ಹೊತ್ತು ಸುತ್ತಿದವು. ಆಮೇಲೆ ತೆಂಕಣಕ್ಕೆ ತಿರುಗಿ ಹೊರಟುಹೋದವು.

ಆಗ ಅವಳಿಗೆ ಬದುವಿನ ಮೇಲಿದ್ದುದು ಕಂಡಿತು. ನೀಟಾಗಿ ಕೊಯ್ದು, ಬಾಳೆನಾರಿನಿಂದ ಕಟ್ಟಿಟ್ಟ ಒಂದು ಹೊರೆ ಹುಲ್ಲು. ಬೇಟಿಗೆ ಸ್ವಲ್ಪ ಹುಲ್ಲು ಬೇಕಂತೆ ಎಂದು ಜೈನಾಬಿ ಹೇಳಿಕಳಿಸಿದ್ದಕ್ಕೆ ಚಾಚಾ ಬೆಂಕಿ ಹಚ್ಚುವ ಮೊದಲು ತೆಗೆದಿಟ್ಟಿದ್ದರು. ಅದನ್ನು ನೋಡಿ ಅವಳಿಗೆ ಅಳು ತಡೆಯಲಾಗಲಿಲ್ಲ.

ಜಹೀರುದ್ದೀನ್ ಬೂದಿಯಲ್ಲಿ ಬಗ್ಗಿ ಏನನ್ನೋ ಎತ್ತಿಕೊಂಡು ಬಂದರು. ರೆಕ್ಕೆ ಸುಟ್ಟ ಒಂದು ಸೆಳೆವ. ಸತ್ತಿತ್ತು. ಒದ್ದೆ ಚೀಲದ ಮೇಲೆ ಮಲಗಿಸಿ ಅವಳ ಮುಂದಿಟ್ಟರು.

"ಇದೇ ಏನ್ರಿ ನಿಮ್ಮ ಹುಲ್ಲು?"

ಬೇಟಿ ಹೋಗಿ 'ನಿಮ್ಮ' ಬಂದಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

"ಎಲ್ಲಿಂದ ಬರ್ತಾವ್ರಿ ಇವು?"

ಅವಳು ಹೇಳಿದಳು. ಹಿಮದ ಬೆಟ್ಟ, ಮರುಭೂಮಿ ದಾಟಿ ಬರುತ್ತವೆಂದಳು. ಅವರು ಹಕ್ಕಿಯ ಸುಟ್ಟ ಗರಿಗಳನ್ನು ಬೆರಳಿನಿಂದ ನೇವರಿಸಿ ಸರಿಮಾಡಿದರು.

"ಅಷ್ಟು ದೂರದ ಮೆಹಮಾನ್ ನನ್ನ ಮನಿಗಿ ಬಂದು ಮಲಗ್ಯಾರ. ಮನಿಯವನಿಗೇ ಹೇಳಿಲ್ಲ. ನನ್ನ ಕೈಲೇ ಬೆಂಕಿ ಹಚ್ಚಿಸಿದ್ರಿ."

ಜಾವೀದ್ ಪೈಪಿನ ನೀರು ನಿಲ್ಲಿಸಲು ಹೋದ. ಉಳಿದ ಅರ್ಧ ದಿಬ್ಬದ ಹುಲ್ಲು ಅಲುಗದೆ ನಿಂತಿತ್ತು.

"ಇಷ್ಟಾದ್ರೂ ಉಳದದ" ಎಂದು ಜಹೀರುದ್ದೀನ್ ಅತ್ತ ಕೈ ತೋರಿಸಿದರು. "ಇದನ್ನ ಮುಟ್ಟಂಗಿಲ್ಲ. ನಾಳಿ ಬರ್ತಾವೇನ್ರಿ ಅವು?"

"ಗೊತ್ತಿಲ್ರಿ ಚಾಚಾ."

ಅವರು ಒದ್ದೆ ಚೀಲದ ಅಂಚನ್ನು ಸತ್ತ ಹಕ್ಕಿಯ ಮೇಲೆ ಎಳೆದು ಮುಚ್ಚಿದರು.

"ಈ ಸಲ ಖರೇನ ಹೇಳಾಕತ್ತೀರೇನ್ರಿ, ಮೇಡಂ?"